ಬಣ್ಣ ಕೊನೆಗಿರಲಿ, ಎಂಜಿನ್ ಮೊದಲಾಗಲಿ
ಹಳೆಯ ಜಾವಾ, ಯೆಜ್ಡಿ ಕೊಳ್ಳಹೊರಟ ಯುವ ಮಿತ್ರರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಯುವ ಮಿತ್ರರೇ,

ಹಳೆಯ ಜಾವಾವನ್ನೋ ಯೆಜ್ಡಿಯನ್ನೋ ಹುಡುಕಿ ತಂದು ಮತ್ತೆ ರಸ್ತೆಗಿಳಿಸಬೇಕೆಂದು ಹೊರಟವರು ನೀವು. ನಿಮ್ಮಲ್ಲಿ ಕೆಲವರು ಇನ್ನೂ ಓದುತ್ತಿದ್ದೀರಿ, ಕೆಲವರಿಗೆ ಈಗಷ್ಟೇ ಸಂಬಳ ಶುರುವಾಗಿದೆ, ಇನ್ನು ಕೆಲವರ ಮನೆಯ ಹಿತ್ತಲಲ್ಲೇ ತಾತನ ಗಾಡಿ ಟಾರ್ಪಾಲಿನ ಅಡಿಯಲ್ಲಿ ನಿಂತಿದೆ. ನಿಮ್ಮ ಆಸೆ ಒಳ್ಳೆಯದು. ಅದು ಅರ್ಧಕ್ಕೆ ನಿಲ್ಲದೆ ಪೂರ್ತಿ ಕೈಗೂಡಲಿ ಎಂಬ ಕಾಳಜಿಯಿಂದ ಈ ಪತ್ರ.

ಹೇಳಬೇಕಾದದ್ದು ಇಷ್ಟು: ದಾಖಲೆ ಮೊದಲು, ಎಂಜಿನ್ ಆಮೇಲೆ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಈಗ ಬಹುಪಾಲು ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಗಾಡಿ ಮನೆಗೆ ಬಂದ ವಾರದಲ್ಲೇ ಟ್ಯಾಂಕು ಪೇಂಟಿನವರ ಹತ್ತಿರ ಹೋಗುತ್ತದೆ, ರಿಮ್ಮು ಕ್ರೋಮಿಗೆ ಹೋಗುತ್ತದೆ, ಸೀಟಿಗೆ ಹೊಸ ಹೊದಿಕೆ ಬೀಳುತ್ತದೆ. ಫೋಟೊ ಚೆನ್ನಾಗಿ ಬರುತ್ತದೆ. ಎಂಜಿನ್ನಿಗೆ ಕೈಹಾಕುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ಉತ್ಸಾಹವೂ ಇಳಿದಿರುತ್ತದೆ. ಮೈಸೂರು, ಬೆಂಗಳೂರು, ಹಾಸನದ ಗ್ಯಾರೇಜುಗಳಲ್ಲಿ ಹೀಗೆ ಫಳಫಳ ಹೊಳೆಯುತ್ತ, ಒಂದು ಕಿಲೋಮೀಟರೂ ಓಡದೆ ನಿಂತುಹೋದ ಗಾಡಿಗಳನ್ನು ಈ ಪತ್ರ ಬರೆಯುತ್ತಿರುವವನು ಬೇಕಾದಷ್ಟು ನೋಡಿದ್ದಾನೆ.

ನಿಮ್ಮ ಕೈಗೆ ಬರಲಿರುವ ಗಾಡಿ ಎಂಥದೆಂದು ಮೊದಲು ನೆನೆಯೋಣ. ಫ್ರಾಂಟಿಶೆಕ್ ಯಾನೆಚೆಕ್ ಎಂಬವರು 1929ರಲ್ಲಿ ಪ್ರಾಗ್‌ನಲ್ಲಿ ಶುರುಮಾಡಿದ ಮೋಟಾರ್‌ಸೈಕಲ್ ಕಂಪನಿ ಜಾವಾ. ಅದರ ಗಾಡಿಗಳನ್ನು ಭಾರತದಲ್ಲೇ ತಯಾರಿಸಲು ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಮುಂದೆ ಬಂದರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಮರುವರ್ಷ ಮೈಸೂರಿನ ಯಾದವಗಿರಿಯ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. 1973ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಈ ಗಾಡಿಗಳ ರಚನೆಯೇ ಬೇರೆ. ಸಿಲಿಂಡರ್ ಒಂದೇ, ಅದರಿಂದ ಹೊರಡುವ ಸೈಲೆನ್ಸರ್ ಎರಡು. ಕಿಕ್ಕರೂ ಗೇರ್ ಲಿವರೂ ಒಂದೇ: ಎಡಬದಿಯ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಇಳಿಸಿದರೆ ಗೇರ್. ಚೈನು ಪೂರ್ತಿ ಮುಚ್ಚಿದ ಕವಚದೊಳಗೆ ತಿರುಗುತ್ತದೆ. ಕೆಸರು, ಧೂಳು ತಾಗುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಮಳೆಗಾಲವೆನ್ನದೆ ಇವು ದುಡಿದದ್ದಕ್ಕೆ ಈ ಕವಚವೂ ಒಂದು ಕಾರಣ. 248.5 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕವಾಟಗಳಿಲ್ಲ, ಅವನ್ನು ಆಡಿಸುವ ಕ್ಯಾಮ್ ಶಾಫ್ಟೂ ಇಲ್ಲ. ಬಿಚ್ಚಿ ಜೋಡಿಸುವುದು ಯಾರು ಬೇಕಾದರೂ ಕಲಿಯಬಹುದಾದ ಕೆಲಸ. ಸರಿಯಾದ ಕ್ರಮದಲ್ಲಿ, ಗೊತ್ತಿದ್ದವರ ಹತ್ತಿರ ಕಲಿಯಬೇಕು, ಅಷ್ಟೇ.

ಇನ್ನು ದಾಖಲೆಯ ಮಾತು. ಹಾಸನದ ಕಡೆಯ ಯುವಕನೊಬ್ಬ ರೋಡ್‌ಕಿಂಗ್ ಒಂದನ್ನು ಅಗ್ಗಕ್ಕೆ ಸಿಕ್ಕಿತೆಂದು ಆರ್‌ಸಿ ಇಲ್ಲದೆಯೇ ಕೊಂಡ. ಮಾರಿದವರು "ಆರ್‌ಸಿ ಊರಲ್ಲಿದೆ, ಆಮೇಲೆ ಕಳಿಸ್ತೀವಿ" ಎಂದಿದ್ದರು. ಎಂಜಿನ್ ಕೆಲಸ, ಟೈರು, ವೈರಿಂಗ್ ಎಲ್ಲ ಆಯಿತು. ಆರ್‌ಸಿ ಬರಲೇ ಇಲ್ಲ. ಅಷ್ಟು ಚೆನ್ನಾಗಿ ಓಡುವ ಗಾಡಿಯನ್ನು ಇವತ್ತಿಗೂ ಮನೆಯ ಗೇಟಿನಿಂದ ಆಚೆ ತರುವಂತಿಲ್ಲ. ಬೇರೆಯವರ ಹೆಸರಿನಲ್ಲಿರುವ, ಯಾವ ಕಾಗದವೂ ಇಲ್ಲದ ಗಾಡಿಗೆ ಇನ್ಶೂರೆನ್ಸ್ ಮಾಡಿಸುವುದೂ ಕಷ್ಟ, ಪೊಲೀಸರಿಗೆ ಉತ್ತರ ಹೇಳುವುದೂ ಕಷ್ಟ. ಅದು ಕಳವಿನ ಗಾಡಿಯಲ್ಲ ಎಂದು ತೋರಿಸುವ ಹೊರೆ ನಿಮ್ಮ ತಲೆಗೇ ಬರುತ್ತದೆ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಆರ್‌ಸಿ ಕೇಳಿ ಕೈಯಲ್ಲಿ ಹಿಡಿದು ನೋಡಿ. ಚಾಸಿಯ ಮೇಲೆ ಪಂಚ್ ಮಾಡಿದ ನಂಬರನ್ನು ಹಳೆಯ ಬಣ್ಣ ಒರೆಸಿ ಓದಿ. ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಕ್ಷರಗಳು ಮೂಡುತ್ತವೆ; ಆರ್‌ಟಿಓ ಕಚೇರಿಯ ಅರ್ಜಿಗೂ ಇದೇ ಪೆನ್ಸಿಲ್ ಅಚ್ಚು ಬೇಕು. ಎಂಜಿನ್ ನಂಬರನ್ನೂ ಹೀಗೆಯೇ ತಾಳೆ ನೋಡಿ. ಹಳೆಯ ಗಾಡಿಗಳಲ್ಲಿ ಎಂಜಿನ್ ಬದಲಾಗಿರುವುದು ಅಪರೂಪವಲ್ಲ. ಅದು ಆರ್‌ಸಿಯಲ್ಲಿ ನಮೂದಾಗಿದೆಯೇ ಎಂಬುದೇ ಮುಖ್ಯ. ನಂಬರನ್ನು ಉಜ್ಜಿ ಅಳಿಸಿದ ಗುರುತು, ಮತ್ತೆ ಹೊಡೆದ ಗುರುತು ಕಂಡರೆ ಗಾಡಿ ಎಷ್ಟೇ ಚೆಂದವಿದ್ದರೂ ಕೈಮುಗಿದು ಹೊರಟುಬಿಡಿ.

ಮಾಲೀಕತ್ವ ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ಮಾಲೀಕರು ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ವರ್ಗವಾಗಬೇಕು. ಅದಕ್ಕೆ ನಮೂನೆ 31. ಆರ್‌ಸಿ ಕಳೆದುಹೋಗಿದ್ದರೆ ಆರ್‌ಸಿಯಲ್ಲಿ ಹೆಸರಿರುವವರೇ ನಮೂನೆ 26ರಲ್ಲಿ ನಕಲಿಗೆ ಅರ್ಜಿ ಹಾಕಲಿ, ನಕಲು ಬಂದ ಮೇಲೆ ನೀವು ಹಣ ಕೊಡಿ. ಹೊರರಾಜ್ಯದ ಗಾಡಿಯಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂದಿನ ಹೆಜ್ಜೆಯೇ ಇಲ್ಲ. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ನಮೂನೆ 25ರಲ್ಲಿ ಅರ್ಜಿ ಹಾಕಿ, ತಪಾಸಣೆಗೆ ಗಾಡಿ ಒಯ್ದು, 5 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗಬೇಕು.

ನಿಮ್ಮಲ್ಲಿ ಬಹಳ ಮಂದಿ ವಿಂಟೇಜ್ ನೋಂದಣಿಯ ಬಗ್ಗೆ ವಿಚಾರಿಸುತ್ತೀರಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದಿರುವ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಆದರೆ ವಿಂಟೇಜ್ ನೋಂದಣಿಯ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು ತುಂಬಿಸುವುದು, ರಿಪೇರಿ ಇಂಥವಕ್ಕಷ್ಟೇ ರಸ್ತೆಗೆ ತರಬಹುದು. ಭಾನುವಾರ ನಂದಿಬೆಟ್ಟಕ್ಕೆ, ಸೋಮವಾರ ಕೆಲಸಕ್ಕೆ ಇದೇ ಗಾಡಿಯಲ್ಲಿ ಹೋಗಬೇಕೆಂಬ ಮನಸ್ಸಿದ್ದರೆ ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಂಡು ನವೀಕರಿಸಿ. ಎಂವೈ ಎಂದು ಶುರುವಾಗುವ ಹಳೆಯ ಮೈಸೂರು ರಾಜ್ಯದ ನಂಬರು ಇದ್ದರಂತೂ ಅದನ್ನು ಜೋಪಾನವಾಗಿ ಕಾಪಾಡಿ.

ಕಾಗದ ಸರಿಯಿದೆ ಎಂದಾದ ಮೇಲೆ ಗಾಡಿಯ ಹತ್ತಿರ ಬನ್ನಿ. ಕೊಳ್ಳುವಾಗ ನೋಡಬೇಕಾದದ್ದು ಬಣ್ಣವಲ್ಲ, ಬಿಡಿಭಾಗಗಳು ಪೂರ್ತಿ ಇವೆಯೇ ಎಂಬುದು. ತುಕ್ಕು ಹಿಡಿದರೂ ಎಲ್ಲ ಭಾಗಗಳೂ ಇರುವ ಗಾಡಿ, ಹೊಳೆಯುತ್ತಿದ್ದರೂ ಅರ್ಧ ಭಾಗ ಬದಲಾದ ಗಾಡಿಗಿಂತ ಮೇಲು. ಚೈನಿನ ಕವಚ, ಪಕ್ಕದ ಟೂಲ್ ಬಾಕ್ಸಿನ ಮುಚ್ಚಳ, ಹೆಡ್‌ಲೈಟಿನ ಡೂಮು, ಸ್ಪೀಡೋಮೀಟರ್, ಮೂಲ ಮಡ್‌ಗಾರ್ಡು ಇವೆಲ್ಲ ಒಮ್ಮೆ ಕಳೆದುಹೋದರೆ ಸಿಗುವುದು ದುಸ್ತರ. ಚಕ್ರವನ್ನೂ ನೋಡಿ: ಜಾವಾ 250ರಲ್ಲಿ 16 ಅಂಗುಲದ ಚಕ್ರ, ರೋಡ್‌ಕಿಂಗ್‌ನಲ್ಲಿ 18 ಅಂಗುಲದ್ದು. ಒಂದಕ್ಕೆ ಇನ್ನೊಂದರದ್ದನ್ನು ಹಾಕಿ ಮಾರುವವರಿದ್ದಾರೆ.

ವರ್ಷಗಟ್ಟಲೆ ನಿಂತ ಗಾಡಿಯನ್ನು ತಂದ ದಿನವೇ ಕಿಕ್ ಹೊಡೆದು ಎಬ್ಬಿಸುವ ಆತುರ ಎಲ್ಲರಿಗೂ ಇರುತ್ತದೆ. ದಯವಿಟ್ಟು ತಡೆದುಕೊಳ್ಳಿ. ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿದ್ದರೆ ಬಲವಾದ ಒಂದು ಕಿಕ್ಕಿಗೆ ರಿಂಗ್ ಮುರಿಯುತ್ತದೆ, ಇಲ್ಲವೇ ಕಿಕ್ಕರಿನ ಹಲ್ಲು ಹೋಗುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಆಯಿಲ್ ಬೆರೆಸಿ ಹೊಯ್ದು, ಕೆಲವು ದಿನ ಹಾಗೇ ಬಿಡಿ. ಆಮೇಲೆ ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಅಲುಗಿಸಿ. ಬಿಟ್ಟುಕೊಂಡರೆ ಒಳ್ಳೆಯದು, ಬಿಡದಿದ್ದರೆ ಹೆಡ್ಡು ಬಿಚ್ಚುವುದೇ ದಾರಿ. ಸುತ್ತಿಗೆಯ ದಾರಿ ಬೇಡ.

ಈಗ ಎಂಜಿನ್ನಿನ ಒಳಗಣ ಸಂಗತಿ. ಇದನ್ನು ತಿಳಿದುಕೊಂಡರೆ ಬಣ್ಣಕ್ಕಿಂತ ಎಂಜಿನ್ ಏಕೆ ಮೊದಲು ಎಂಬುದು ತಾನೇ ಅರ್ಥವಾಗುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೇಸೂ ದುಡಿಯುತ್ತದೆ. ಪಿಸ್ಟನ್ ಮೇಲೇರಿದಾಗ ಕಾರ್ಬೊರೇಟರಿನಿಂದ ಪೆಟ್ರೋಲು, ಗಾಳಿ, ಆಯಿಲಿನ ಮಿಶ್ರಣ ಅಲ್ಲಿಗೆ ನುಗ್ಗುತ್ತದೆ. ಪಿಸ್ಟನ್ ಇಳಿದಾಗ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುತ್ತದೆ. ಹಾಗಾಗಿ ಕ್ರ್ಯಾಂಕ್ ಕೇಸಿನೊಳಕ್ಕೆ ಬೇರೆಲ್ಲಿಂದಲೂ ಗಾಳಿ ಬರಬಾರದು. ಇದನ್ನು ಕಾಯುವುದು ಕ್ರ್ಯಾಂಕಿನ ಎರಡೂ ಬದಿಯಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು.

ನಿಂತ ಗಾಡಿಯಲ್ಲಿ ಈ ಸೀಲುಗಳು ಒಣಗಿ, ಗಟ್ಟಿಯಾಗಿ, ಬಿರುಕು ಬಿಡುತ್ತವೆ. ಡೈನಮೋ ಬದಿಯ ಸೀಲು ಹೋದರೆ ಹೊರಗಿನ ಗಾಳಿ ಒಳಗೆ ಸೇರಿ ಮಿಶ್ರಣ ತೆಳುವಾಗುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಚುರುಕಾಗಿ ಓಡುವಂತೆಯೂ ಕಾಣುತ್ತದೆ. ಕಾವು ಮಿತಿಮೀರಿ ಹೈವೇ ನಡುವೆ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರವೇ ಕಚ್ಚಿಕೊಳ್ಳಬಹುದು. ಕ್ಲಚ್ ಬದಿಯ ಸೀಲು ಹೋದರೆ ಗೇರ್ ಬಾಕ್ಸಿನ ಆಯಿಲನ್ನು ಎಂಜಿನ್ ಎಳೆದುಕೊಳ್ಳುತ್ತದೆ. ಬಿಳಿ ಹೊಗೆ ದಟ್ಟವಾಗಿ ಬರುತ್ತದೆ, ಪ್ಲಗ್ ಪದೇಪದೇ ಕೆಡುತ್ತದೆ, ಗೇರ್ ಆಯಿಲ್ ಕಡಿಮೆಯಾಗುತ್ತ ಹೋಗುತ್ತದೆ. ಹೊಸ ಸೀಲುಗಳ ಬೆಲೆ ಹೆಚ್ಚೇನಲ್ಲ. ಅವನ್ನು ಹಾಕಿಸಲು ಎಂಜಿನ್ ಇಳಿಸಿ ಬಿಚ್ಚುವ ಶ್ರಮವೇ ದೊಡ್ಡದು. ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ, ಎಲ್ಲ ಜೋಡಿಸಿದ ಮೇಲೆ ಇದೇ ಎಂಜಿನ್ನನ್ನು ಇಳಿಸಬೇಕಾಗಿ ಬಂದವರ ಹೊಸ ಚಾಸಿಯ ಮೇಲೆ ಸ್ಪ್ಯಾನರಿನ ಗೀರುಗಳು ಬಿದ್ದಿರುತ್ತವೆ.

ಎಂಜಿನ್ ಬಿಚ್ಚಿದ ಮೇಲೆ ಕ್ರ್ಯಾಂಕನ್ನು ಮರೆಯಬೇಡಿ. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಟಕ್ ಟಕ್ ಎಂದರೆ ಅದರ ಬೇರಿಂಗ್ ಸವೆದಿದೆ ಎಂದರ್ಥ. ಈ ಕ್ರ್ಯಾಂಕ್ ಪ್ರೆಸ್ಸಿನಲ್ಲಿ ಒತ್ತಿ ಜೋಡಿಸಿದ್ದು. ಅದನ್ನು ಬಿಡಿಸಿ, ಹೊಸ ರಾಡ್ ಕಿಟ್ ಹಾಕಿ, ಮತ್ತೆ ಓರೆಯಿಲ್ಲದಂತೆ ನೇರ ಮಾಡಬಲ್ಲ ಲೇತಿನವರು ಬೇಕು. ಸಿಲಿಂಡರಿನಲ್ಲಿ ಗೀರು ಬಿದ್ದಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಪಿಸ್ಟನ್ನನ್ನು ಮೊದಲು ಕೈಗೆ ತೆಗೆದುಕೊಂಡು, ಅದರ ಅಳತೆಗೆ ತಕ್ಕಂತೆ ಬೋರ್ ಮಾಡಿಸಿ. ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುವುದು ಬೇಡ.

ಈ ಕೆಲಸಗಳಿಗೆ ಮೈಸೂರಿನಲ್ಲಿ ಈಗಲೂ ಹೆಸರುವಾಸಿಯಾದ ಕೈಗಳಿವೆ. ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದ ಹಿರಿಯ ಮೇಸ್ತ್ರಿಯೊಬ್ಬರು ಮನೆಯ ಮುಂದಿನ ಸಣ್ಣ ಶೆಡ್ಡಿನಲ್ಲಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಇಡುವುದನ್ನು ಈ ಪತ್ರ ಬರೆಯುತ್ತಿರುವವನು ಪಕ್ಕದಲ್ಲೇ ಕೂತು ನೋಡಿದ್ದಾನೆ. ಅವರು ಬಲಬದಿಯ ಮುಚ್ಚಳ ಬಿಚ್ಚಿದರು. ಕಿಡಿ ಹಾರಿಸುವ ಪಾಯಿಂಟಿನ ಮುಖವನ್ನು ಸಣ್ಣ ಅರದಿಂದ ಎರಡೇ ಸಲ ಎಳೆದು, ಬಟ್ಟೆಯಲ್ಲಿ ಒರೆಸಿದರು. ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜಿನ 0.4 ಮಿ.ಮೀ. ಎಲೆ ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ ಎಂಬಂತೆ ಜಾರಬೇಕು. ಅದಾದ ಮೇಲೆ ಪ್ಲಗ್ಗಿನ ತೂತಿನೊಳಕ್ಕೆ ವರ್ನಿಯರಿನ ಆಳ ಅಳೆಯುವ ಕಡ್ಡಿ ಇಳಿಸಿದರು. ಪಾಯಿಂಟಿನ ಎರಡು ಮುಖಗಳ ನಡುವೆ ಸಿಗರೇಟಿನ ಡಬ್ಬಿಯ ಒಳಗಿನ ತೆಳುಹಾಳೆಯ ಚೂರೊಂದನ್ನು ಸಿಕ್ಕಿಸಿದರು. ಒಂದು ಕೈಯಲ್ಲಿ ಕ್ರ್ಯಾಂಕನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಇನ್ನೊಂದು ಕೈಯ ಎರಡು ಬೆರಳಲ್ಲಿ ಹಾಳೆಯ ತುದಿಯನ್ನು ಹಗುರಾಗಿ ಎಳೆಯುತ್ತ ಇದ್ದರು. ಪಿಸ್ಟನ್ ಮೇಲ್ತುದಿಗೆ ಬರಲು ಸುಮಾರು 3 ಮಿ.ಮೀ. ಉಳಿದಿರುವಾಗ ಹಾಳೆ ಸುಮ್ಮನೆ ಕೈಗೆ ಬಂತು. "ಇಲ್ಲಿ ಕಿಡಿ ಹಾರ್ಬೇಕು. ಇದಕ್ಕೆ ಮುಂಚೆ ಹಾರಿದ್ರೆ ಕಿಕ್ಕರ್ ಕಾಲಿಗೆ ಒದೀತದೆ, ಆಮೇಲೆ ಹಾರಿದ್ರೆ ಗಾಡಿ ಎಳೆಯಲ್ಲ" ಎಂದರು. ಪಾಯಿಂಟ್ ಪ್ಲೇಟಿನ ಸ್ಕ್ರೂ ಬಿಗಿ ಮಾಡಿ, ಬಿಗಿ ಮಾಡುವಾಗ ಪ್ಲೇಟು ಸರಿದಿರಬಹುದೆಂದು ಮತ್ತೊಮ್ಮೆ ಹಾಳೆ ಇಟ್ಟು ನೋಡಿದರು.

ಆ ಎರಡನೆಯ ತಪಾಸಣೆಯನ್ನು ಯಾವ ಮ್ಯಾನ್ಯುಯಲ್ಲೂ ಅಷ್ಟು ಒತ್ತಿ ಹೇಳುವುದಿಲ್ಲ. ಅದನ್ನು ಇಂಥವರಿಂದಲೇ ಕಲಿಯಬೇಕು, ಆದರೆ ಹೊತ್ತು ಮೀರುತ್ತಿದೆ: 1970ರ ದಶಕದ ಆರಂಭದಲ್ಲಿ ಇಪ್ಪತ್ತರ ಹರೆಯದಲ್ಲಿ ಕಾರ್ಖಾನೆ ಸೇರಿದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಕೈಕೆಳಗೆ ಕಲಿತವರೂ ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ನೀವು ಅವರ ಹತ್ತಿರ ಹೋಗುವಾಗ ಗಾಡಿ ಬಿಟ್ಟು, "ರೆಡಿಯಾದಾಗ ಫೋನ್ ಮಾಡಿ" ಎಂದು ಹೊರಟುಬಿಡಬೇಡಿ. ಒಂದು ಸ್ಟೂಲು ಎಳೆದುಕೊಂಡು ಕೂತುಕೊಳ್ಳಿ. ನಟ್ಟು ಬೋಲ್ಟು ಪೆಟ್ರೋಲಿನಲ್ಲಿ ತೊಳೆದುಕೊಡಿ. ಕೇಳಿ, ಬರೆದುಕೊಳ್ಳಿ, ಒಪ್ಪಿದರೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಕ್ರೋಮಿಗೆ ಕೇಳಿದಷ್ಟು ಕೊಡುವವರು ಮೇಸ್ತ್ರಿಯ ಕೂಲಿಯಲ್ಲಿ ಐನೂರು ರೂಪಾಯಿ ಹಿಡಿಯುವುದು ನ್ಯಾಯವಲ್ಲ.

ಬಿಡಿಭಾಗಗಳ ವಿಚಾರದಲ್ಲೂ ಅವಸರ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಸಂದಿಗಳಲ್ಲಿ ತಾಳ್ಮೆಯಿಂದ ಹುಡುಕಿದರೆ ಹಳೆಯ ಸ್ಟಾಕು ಇನ್ನೂ ಕಾಣಿಸುತ್ತದೆ. ಹೊಸದಾಗಿ ತಯಾರಾಗುವ ಬದಲಿ ಭಾಗಗಳೂ ಸಿಗುತ್ತವೆ. ಅವುಗಳಲ್ಲಿ ಒಳ್ಳೆಯವೂ ಉಂಟು, ಕೆಟ್ಟವೂ ಉಂಟು. ಹಳೆಯ ಭಾಗವನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ, ಪಕ್ಕಪಕ್ಕ ಇಟ್ಟು ಅಳೆದು ನೋಡಿ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು. ಹೆಸರು ಅದೇ ಆದರೂ ಅವು ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಎಂಜಿನ್ನುಗಳು. ಆ ಶೋರೂಮಿನಲ್ಲಿ ನಿಮ್ಮ ಗಾಡಿಯ ಎಂಜಿನ್ನಿಗೆ ಹೊಂದುವ ಭಾಗ ಸಿಗುತ್ತದೆಂದು ನಂಬಿ ಕೂರಬೇಡಿ.

ಇನ್ನೊಂದು ನೋವಿನ ಸಂಗತಿ. ಪೂರ್ತಿ ಇದ್ದ ಗಾಡಿಯ ಚಾಸಿಯ ಹಿಂಬದಿ ಕತ್ತರಿಸಿ, ಚೈನಿನ ಕವಚ ಕಿತ್ತು, ಸೈಲೆನ್ಸರಿನ ಒಳಗಿನ ಕೊಳವೆ ತೆಗೆದು, ಬಾಗಿ ಕೂರುವ ಹ್ಯಾಂಡಲ್ ಹಾಕಿ ಕೆಫೆ ರೇಸರ್ ಮಾಡುವವರು ಹೆಚ್ಚುತ್ತಿದ್ದಾರೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಕಾನೂನು ಹಾಗಿರಲಿ, ಎಂಜಿನ್ನಿಗೂ ಇದರಿಂದ ಕೆಡುಕೇ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಎಂಬುದು ಎಂಜಿನ್ನಿನದೇ ಭಾಗ. ಹೊಗೆ ಹೊರಹೋಗುವಾಗ ಅಲ್ಲಿ ಉಂಟಾಗುವ ಒತ್ತಡದ ಅಲೆಯೇ ಹೊಸ ಮಿಶ್ರಣ ಪೋಲಾಗದಂತೆ ತಡೆಯುತ್ತದೆ. ಒಳಗಿನ ಕೊಳವೆ ಕಿತ್ತರೆ ಸದ್ದು ಹೆಚ್ಚುತ್ತದೆ, ಎಳೆತ ಇಳಿಯುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಕರಿ ಕಟ್ಟಿಕೊಂಡಿದ್ದರೆ ಆ ಕೊಳವೆಯನ್ನು ತೆಗೆದು ಸುಟ್ಟು, ಕೆರೆದು, ಶುಚಿ ಮಾಡಿ ಮತ್ತೆ ಹಾಕಿ. ನಿಮ್ಮ ಬೀದಿಯ ವೃದ್ಧರಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ಅಷ್ಟು ಉಪಕಾರವಾಗುತ್ತದೆ.

ಪೆಟ್ರೋಲಿನ ಬಗ್ಗೆಯೂ ಎಚ್ಚರ ಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪೈಪು, ಕಾಕಿನ ವಾಷರು, ಕಾರ್ಬೊರೇಟರಿನ ನೀಡಲ್ ಇವನ್ನೆಲ್ಲ ಹೊಸ ಬಗೆಯ ಇಂಧನ ತಡೆಯುವಂಥವಕ್ಕೆ ಬದಲಿಸಿ. ವಾರಗಟ್ಟಲೆ ಗಾಡಿ ತೆಗೆಯುವುದಿಲ್ಲ ಎಂದಾದರೆ ಕಾಕು ಮುಚ್ಚಿ, ಕಾರ್ಬೊರೇಟರಿನ ಬಟ್ಟಲನ್ನು ಖಾಲಿ ಮಾಡಿಡಿ. 2ಟಿ ಆಯಿಲನ್ನು ಲೀಟರಿಗೆ 30ರಿಂದ 40 ಮಿ.ಲೀ. ಅಳೆದು ಬೆರೆಸಿ. ಆಯಿಲ್ ಕಿಂಗ್ ಮಾದರಿಯಲ್ಲಿ ಆಯಿಲ್ ಪಂಪ್ ಇದೆ ಎಂದು ನೆಚ್ಚಿಕೊಳ್ಳುವ ಮೊದಲು ಆ ಪಂಪ್ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಮೇಸ್ತ್ರಿಯಿಂದ ಖಾತ್ರಿ ಮಾಡಿಕೊಳ್ಳಿ. ಟ್ಯಾಂಕಿನೊಳಗೆ ತುಕ್ಕಿದ್ದರೆ ಬಣ್ಣಕ್ಕೆ ಕೊಡುವ ಮೊದಲೇ ಅದನ್ನು ತೆಗೆಸಿ. ತುಕ್ಕು ಬಿಡಿಸುವ ಆಮ್ಲ ಚೆಲ್ಲಿದರೆ ಹೊಸ ಪೇಂಟು ಉಳಿಯುವುದಿಲ್ಲ.

ಸುರಕ್ಷತೆಯ ಮಾತುಗಳನ್ನು ಇಲ್ಲಿ ತುಸು ಗಡುಸಾಗಿಯೇ ಹೇಳಬೇಕಾಗಿದೆ. ಪೆಟ್ರೋಲು ಇದ್ದ ಟ್ಯಾಂಕನ್ನು, ಖಾಲಿಯಾಗಿದ್ದರೂ ಸರಿ, ಗೊತ್ತಿಲ್ಲದವರ ಕೈಲಿ ವೆಲ್ಡಿಂಗ್ ಮಾಡಿಸಬೇಡಿ. ಒಳಗೆ ಉಳಿದ ಆವಿಯೇ ಸ್ಫೋಟಕ್ಕೆ ಸಾಕು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ಮಿನ ಧೂಳನ್ನು ಬಾಯಲ್ಲಿ ಊದಬೇಡಿ, ಏರ್ ಹೊಡೆಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಹೊಸ ಲೈನರ್ ಹಾಕಿಸಿ. ಟೈರಿನ ಗುಂಡಿ ಆಳವಾಗಿದೆ ಎಂದು ಹಳೆಯದನ್ನೇ ಉಳಿಸಿಕೊಳ್ಳಬೇಡಿ. ಪಕ್ಕದಲ್ಲಿ ನಾಲ್ಕಂಕಿಯ ತಾರೀಖು ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅಂಥ ಗುರುತೇ ಇಲ್ಲದಷ್ಟು ಹಳೆಯದಾದರೆ ಎರಡು ಮಾತಿಲ್ಲದೆ ಬದಲಿಸಿ. ಡ್ರಮ್ ಬ್ರೇಕು ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಹೊಸ ಬೈಕಿನ ಡಿಸ್ಕಿನಷ್ಟು ಬೇಗ ಹಿಡಿಯುವುದಿಲ್ಲ. ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡೇ ಓಡಿಸಿ. 6 ವೋಲ್ಟಿನ ಹೆಡ್‌ಲೈಟಿನ ಬೆಳಕು ಈ ಕಾಲದ ಹೈವೇಗೆ ಸಾಲದು. ರಾತ್ರಿಯ ದೂರದ ಪಯಣಕ್ಕೆ ಈ ಗಾಡಿ ತೆಗೆಯಬೇಡಿ.

ಈಗ ನಿಮ್ಮಲ್ಲಿ ಕೆಲವು ಕೋರಿಕೆಗಳು.

ಮೊದಲನೆಯದು, ಆರ್‌ಸಿ ಮತ್ತು ಮಾಲೀಕರ ಸಹಿ ಕೈಗೆ ಬರುವವರೆಗೆ ಗಾಡಿ ಮನೆಗೆ ಬರದಿರಲಿ. ಅಗ್ಗ ಎಂಬ ಕಾರಣಕ್ಕೆ ಕಾಗದವಿಲ್ಲದ ಗಾಡಿ ಕೊಳ್ಳುವವರಿರುವ ತನಕ ಕಳವಿನ ಗಾಡಿಗಳಿಗೂ ಗಿರಾಕಿಗಳು ಇದ್ದೇ ಇರುತ್ತಾರೆ.

ಎರಡನೆಯದು, ನಿಮ್ಮ ಹತ್ತಿರ ಇರುವ ಹಣವನ್ನು ಎರಡು ಪಾಲು ಮಾಡಿ. ಗಾಡಿಗೆ ಎಷ್ಟು ಕೊಟ್ಟಿರೋ ಕನಿಷ್ಠ ಅಷ್ಟನ್ನು ಎಂಜಿನ್, ಬ್ರೇಕು, ಟೈರು, ವೈರಿಂಗಿಗೆ ತೆಗೆದಿಡಿ. ಅಷ್ಟು ಇಲ್ಲವಾದರೆ ಇನ್ನೂ ಕೆಲವು ತಿಂಗಳು ಕಾಯಿರಿ, ಇಲ್ಲವೇ ಕಡಿಮೆ ಬೆಲೆಯ ಮಾದರಿ ನೋಡಿ.

ಮೂರನೆಯದು, ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೊ ತೆಗೆದುಕೊಳ್ಳಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬೇರೆಬೇರೆ ಡಬ್ಬಿಯಲ್ಲಿ ಹೆಸರು ಬರೆದಿಡಿ. ಬದಲಿಸಿದ ಹಳೆಯ ಮೂಲ ಭಾಗಗಳನ್ನು ಗುಜರಿಗೆ ಹಾಕಬೇಡಿ. ನಿಮಗೆ ಬೇಡವಾದದ್ದು ಇನ್ನೊಬ್ಬರ ಗಾಡಿಗೆ ಅಚ್ಚು ತೆಗೆಯಲು ಬೇಕಾಗುತ್ತದೆ.

ನಾಲ್ಕನೆಯದು, ಎಂಜಿನ್ ಜೋಡಿಸಿದ ಮೇಲೆ ಬಣ್ಣವಿಲ್ಲದ ಗಾಡಿಯನ್ನೇ ಕೆಲವು ನೂರು ಕಿಲೋಮೀಟರ್ ಓಡಿಸಿ. ಹೊಸ ಪಿಸ್ಟನ್ ಹೊಂದಿಕೊಳ್ಳುವವರೆಗೆ ನಿಧಾನವಾಗಿ, ಒಂದೇ ವೇಗದಲ್ಲಿ ಎಳೆಯದೆ ಓಡಿಸಬೇಕು. ಎಲ್ಲಿ ಸೋರುತ್ತದೆ, ಎಲ್ಲಿ ಸದ್ದು, ಎಲ್ಲಿ ಉಜ್ಜುತ್ತದೆ ಎಂಬುದೆಲ್ಲ ಆಗಲೇ ಗೊತ್ತಾಗುತ್ತದೆ. ಅವನ್ನೆಲ್ಲ ಸರಿಮಾಡಿ, ಮತ್ತೆ ಬಿಚ್ಚಿ, ಆಮೇಲೆ ಪೇಂಟಿಗೆ ಕೊಡಿ. ಹಳೆಯ ಮೂಲ ಬಣ್ಣ ಮುಕ್ಕಾಲುಪಾಲು ಉಳಿದಿದ್ದರೆ ಪಾಲಿಶ್ ಮಾಡಿಸಿ ಹಾಗೇ ಬಿಡಿ. ಕಾರ್ಖಾನೆಯಿಂದ ಬಂದ ಬಣ್ಣ ಒಂದೇ ಸಲ ಬರುವಂಥದ್ದು.

ಐದನೆಯದು, ನಿಮ್ಮ ಗಾಡಿಯನ್ನು ಎಬ್ಬಿಸಿದ ಮೇಸ್ತ್ರಿ, ಲೇತಿನವರು, ಟ್ಯಾಂಕಿನ ಗೆರೆ ಎಳೆದ ಪೇಂಟರ್ ಇವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ಸೀಲು ಎಲ್ಲಿ ಸಿಕ್ಕಿತು, ಯಾವ ಬೇರಿಂಗಿನ ನಂಬರ್ ಎಷ್ಟು, ಬೋರಿನ ಅಳತೆ ಎಷ್ಟು ಎಂಬುದೂ ಅದರಲ್ಲಿರಲಿ. ಗಾಡಿ ಮಾರಿದರೆ ಆರ್‌ಸಿ ಜೊತೆ ಆ ಪುಸ್ತಕವನ್ನೂ ಕೊಡಿ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿ ಸವಾರರು ಊರೂರಲ್ಲಿ ಸೇರುತ್ತಾರೆ. ಮುಂದಿನ ಸಲ ನೀವು ನಿಮ್ಮ ಗಾಡಿಯಲ್ಲೇ ಬನ್ನಿ, ಬಣ್ಣ ಮುಗಿಯದಿದ್ದರೂ ಬನ್ನಿ. ಹಿಂದಿನ ಸೀಟಿನಲ್ಲಿ ನಿಮ್ಮ ಮೇಸ್ತ್ರಿಯನ್ನು ಕೂರಿಸಿಕೊಂಡು ಬನ್ನಿ, ಅವರಿಗೂ ಒಂದು ಹೆಲ್ಮೆಟ್ ತನ್ನಿ. ಅಲ್ಲಿ ಸೇರಿದವರಿಗೆ ಅವರಿಂದ ಅರ್ಧ ಗಂಟೆ ಟೈಮಿಂಗ್ ಇಡುವುದನ್ನು ಹೇಳಿಸಿಕೊಡುವ ಏರ್ಪಾಡು ಮಾಡಿ ಎಂದು ಕೇಳಿಕೊಳ್ಳುತ್ತ,

ಇತಿ,
ನಿಮ್ಮ ವಿಶ್ವಾಸಿ,
ಮೈಸೂರು ಸೀಮೆಯ ಒಬ್ಬ ಯೆಜ್ಡಿ ಸವಾರ